ಕಲಾಯಿಯೂ ಕಂಪ್ಯೂಟರೂ

ನಿಮ್ಮ ಮನೆಗೆ ಈ ಪತ್ರಿಕೆ ಬರುವಂತೆ, ಮಧುಗಿರಿಯ ನಮ್ಮ ಮನೆಗೆ 1983ರ ಸುಮಾರಿಗೆ ಇನ್ನೊಂದು ಪತ್ರಿಕೆಯೂ ಬರುತ್ತಿತ್ತು. ದೆಹಲಿಯಲ್ಲಿ 1969ರಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’. ತರಿಸುತ್ತಿದ್ದವನು ನನ್ನ ಮೈದುನ. ಓದುತ್ತಿದ್ದವಳು ಮಾತ್ರ ನಾದಿನಿ!

ನೋಡಲು ಅದೂ ಅಡಿಗೆಯ ಪುಟವೇ ಅನ್ನಿ. ಮೊದಲು ಬೇಕಾಗುವ ಸಾಮಾನು, ಆಮೇಲೆ ಮಾಡುವ ವಿಧಾನ. ಉಪ್ಪು, ಹುಳಿಯ ಬದಲು ರೆಸಿಸ್ಟರ್, ಕೆಪಾಸಿಟರ್. ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೇ ಬರಬೇಕು. ಮೈದುನ ಒಂದು ಟ್ರಾನ್ಸಿಸ್ಟರ್ ಮರೆತು ಬಂದನೋ, ಹದಿನೈದು ದಿನ ಅವಳ ಮುಖ ನೋಡುವಂತಿಲ್ಲ.

ಬೆಸುಗೆಯ ಹೊಗೆಗೆ ಅತ್ತೆಯವರು ಮೊದಮೊದಲು ಗೊಣಗಿದರು. ಒಂದು ದಿನ ಹತ್ತಿರ ಕೂತು ನೋಡಿ, “ಇದು ಕಲಾಯಿ ಕೆಲಸಾನೇ ಕಣೇ” ಅಂದರು. ನಿಜವೇ. ಹಿತ್ತಾಳೆ ಪಾತ್ರೆಗೆ ಹಚ್ಚುವ ತವರವೇ ಇಲ್ಲೂ, ಜೊತೆಗೆ ಸೀಸ. ಅಲ್ಲಿ ನವಸಾಗರ, ಇಲ್ಲಿ ರಾಳ. (ಸೀಸ ಮೈಗೆ ಒಳ್ಳೆಯದಲ್ಲ. ಮಕ್ಕಳು ಬೆಸುಗೆ ಹಾಕಿದರೆ ಕೈ ತೊಳೆಸದೆ ಊಟಕ್ಕೆ ಕೂರಿಸಬೇಡಿ.)

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಿಂದ ವಿದೇಶಿ ಪತ್ರಿಕೆಗಳೂ ಬಂದವು. ನಾನು ಅವರೆಕಾಯಿ ಸುಲಿಯುತ್ತಿದ್ದರೆ ಅವಳು ಓದಿ ಹೇಳುವಳು. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ 1975ರ ಜನವರಿಯಲ್ಲಿ ಮುಖಪುಟಕ್ಕೆ ಹಾಕಿದ್ದ ಆಲ್ಟೇರ್ 8800, ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ಕಂಪ್ಯೂಟರ್. ಕೀಬೋರ್ಡಿಲ್ಲ, ಪರದೆಯಿಲ್ಲ, ಬರೀ ಸ್ವಿಚ್ಚು, ಮಿಣುಕು ದೀಪ. ಇಂಗ್ಲೆಂಡಿನಲ್ಲಿ 1981ರಲ್ಲಿ ಸಿಂಕ್ಲೇರ್ ಝಡ್‌ಎಕ್ಸ್ 81 ಕಿಟ್ 50 ಪೌಂಡಿನೊಳಗೇ ಬಂತಂತೆ. ಟಿವಿಗೆ ಜೋಡಿಸಬೇಕು, ಬರೆದದ್ದನ್ನು ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲೇ ಉಳಿಸಬೇಕು. ಅದರ ನೆನಪಿನ ಶಕ್ತಿ ಒಂದು ಕಿಲೋಬೈಟ್; ಈ ಬರಹವೂ ಪೂರ್ತಿ ಹಿಡಿಸದು! ನಮ್ಮಲ್ಲಿ ಟಿವಿಯೇ ಇರಲಿಲ್ಲ, ಕಿಟ್ ಕೊಳ್ಳುವ ಮಾತೆಲ್ಲಿ? ಅವಳು ರೇಡಿಯೋ ಜೋಡಿಸಿದಳು.

ಅಷ್ಟರಲ್ಲಿ ಶಿರಾದಿಂದ ಹೆಣ್ಣು ನೋಡಲು ಬಂದರು. ಹುಡುಗನ ತಾಯಿ ಬೆರಳಿನ ಸುಟ್ಟ ಕಲೆ ಕಂಡು ಕೇಳಿದರು. ಅತ್ತೆಯವರು “ಒಗ್ಗರಣೆ ಸಿಡೀತು” ಅನ್ನುವಷ್ಟರಲ್ಲಿ ಇವಳು, “ಇಲ್ಲಮ್ಮಾ, ಸಾಲ್ಡರಿಂಗ್ ಐರನ್ ತಾಗಿದ್ದು. ರೇಡಿಯೋ ಮಾಡ್ತೀನಿ” ಎಂದುಬಿಟ್ಟಳು. ಕಾಫಿ ಕುಡಿದು ಹೋದವರು ಕಾಗದ ಬರೆಯಲಿಲ್ಲ.

ಅತ್ತೆಯವರು ಎರಡು ದಿನ ಮಗಳ ಹತ್ತಿರ ಮಾತು ಬಿಟ್ಟರು. ಪಾವಗಡದಿಂದ ಬಂದ ಅವರ ತಂಗಿ “ಅಕ್ಕಾ, ಆ ಡಬ್ಬಗಳನ್ನೆಲ್ಲ ಬಿಸಾಕು” ಅಂದಾಗ ಮಾತ್ರ, ಎದ್ದು ಹೋಗಿ ಆ ಐರನ್ನನ್ನು ತಮ್ಮ ಸೀರೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡರು. ತಂಗಿ ಊರಿಗೆ ಹೊರಟ ಮೇಲೆ ಬೀಗ ತೆಗೆದರು.

ಮುಂದೆ ಅವಳನ್ನು ಕೊರಟಗೆರೆಗೆ ಕೊಟ್ಟೆವು. ಈ ಸಲ ಗಂಡಿನವರಿಗೆ ಎಲ್ಲ ಮೊದಲೇ ಹೇಳಿದ್ದು ಅತ್ತೆಯವರೇ. ಅಲ್ಲಿ ಮೊದಲು ರಿಪೇರಿಯಾದದ್ದು ಅವಳ ಮಾವನವರ ರೇಡಿಯೋ.