ಸುದ್ದಿ ಕೊಟ್ಟಾಯ್ತು, ಅಚ್ಚಾಗುತ್ತಾ?

ಬೇಹುಗಾರರ ಸಿನಿಮಾ ಅಂದರೆ ಕಾರು ಹಾರಬೇಕು, ಕಟ್ಟಡ ಉರುಳಬೇಕು ಅನ್ನುವವರಿಗೆ ‘ತ್ರೀ ಡೇಸ್ ಆಫ್ ದಿ ಕಾಂಡೋರ್’ ಸ್ವಲ್ಪ ನಿಧಾನ ಅನ್ನಿಸಬಹುದು. 1975ರ ಅಮೆರಿಕದ ಚಿತ್ರ, ನಿರ್ದೇಶಕ ಸಿಡ್ನಿ ಪೊಲಾಕ್. ಹಿಂದಿನ ವರ್ಷ ಬಂದ ಜೇಮ್ಸ್ ಗ್ರೇಡಿಯ ಕಾದಂಬರಿ ಇದಕ್ಕೆ ಮೂಲ. ಪುಸ್ತಕದ ಹೆಸರಲ್ಲಿ ಆರು ದಿನ, ಸಿನಿಮಾದಲ್ಲಿ ಮೂರೇ ದಿನ. ನಾವು ಮೂವರು ವರದಿಗಾರರು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದೆವು.

ನಾಯಕ ಟರ್ನರ್ ಆಗಿ ರಾಬರ್ಟ್ ರೆಡ್‌ಫೋರ್ಡ್. ಸಿಐಎ ನೌಕರ, ಆದರೆ ಅವನ ಕೆಲಸ ಓದುವುದು. ನ್ಯೂಯಾರ್ಕಿನಲ್ಲಿ ಸಾಹಿತ್ಯ ಸಂಘದ ಬೋರ್ಡು ಹಾಕಿಕೊಂಡ ಕಚೇರಿ. ದೇಶ ದೇಶದ ಪುಸ್ತಕ ಓದಿ ಗುಟ್ಟಿನ ಸುಳಿವು ಹುಡುಕಬೇಕು. ಮಾರಾಟವೇ ಆಗದ ಒಂದು ಪತ್ತೇದಾರಿ ಕಾದಂಬರಿ ಅರಬ್ಬಿ, ಡಚ್ಚು, ಸ್ಪ್ಯಾನಿಷ್‌ಗೆ ಯಾಕೆ ಅನುವಾದವಾಯಿತು ಅಂತ ಅವನಿಗೆ ಅನುಮಾನ. ವರದಿ ಬರೆದು ಮೇಲಕ್ಕೆ ಕಳಿಸುತ್ತಾನೆ. ಒಂದು ಮಧ್ಯಾಹ್ನ ಊಟ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಕಚೇರಿಯಲ್ಲಿದ್ದವರೆಲ್ಲ ಹೆಣವಾಗಿರುತ್ತಾರೆ.

ಕೊಲ್ಲಿಸಿದ್ದು ಶತ್ರು ದೇಶವಲ್ಲ, ಅವನ ಇಲಾಖೆಯೊಳಗಿನವರೇ. ಕಾದಂಬರಿಯಲ್ಲಿ ಇದರ ಹಿಂದೆ ಮಾದಕ ವಸ್ತು ಸಾಗಣೆ ಇದೆ, ಸಿನಿಮಾದಲ್ಲಿ ಪೆಟ್ರೋಲಿಯಂ. 1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದ್ದವು. 1974ರಲ್ಲಿ ವಾಟರ್‌ಗೇಟ್ ಹಗರಣದಿಂದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು. ಸರ್ಕಾರ ಏನು ಬೇಕಾದರೂ ಮಾಡೀತು ಅಂತ ಜನ ನಂಬುವ ಕಾಲ ಅದು.

ನಮ್ಮನ್ನು ಹಿಡಿದಿದ್ದು ಕೊನೆಯ ದೃಶ್ಯ. ‘ನ್ಯೂಯಾರ್ಕ್ ಟೈಮ್ಸ್’ ಕಚೇರಿ ಮುಂದೆ ಟರ್ನರ್ ನಿಂತಿದ್ದಾನೆ. ಎಲ್ಲವನ್ನೂ ಪತ್ರಿಕೆಗೆ ಹೇಳಿಬಿಟ್ಟೆ ಅನ್ನುತ್ತಾನೆ. ನೀನು ಒಂಟಿಯಾಗುತ್ತೀಯ ಅಂತ ಎಚ್ಚರಿಸುವ ಸಿಐಎ ಅಧಿಕಾರಿ ಮತ್ತೆ ಕೇಳುತ್ತಾನೆ: ಅವರು ಅಚ್ಚು ಹಾಕುತ್ತಾರೆ ಅಂತ ನಿನಗೆ ಗೊತ್ತಾ? ಟರ್ನರ್ ತಿರುಗಿ ನೋಡುತ್ತಾನೆ. ಚಿತ್ರ ಅಲ್ಲೇ ನಿಂತುಬಿಡುತ್ತದೆ.

ನಮಗೆ ಇದು ಅಮೆರಿಕದ ಮಾತಲ್ಲ. ಒಂದು ಕೆರೆ ಹೂಳೆತ್ತುವ ಕೆಲಸದ ಬಿಲ್ ಪಾಸಾಗಿತ್ತು, ಹೂಳು ಕೆರೆಯಲ್ಲೇ ಇತ್ತು. ಊರಿನ ಹಿರಿಯರೊಬ್ಬರು ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಪ್ರತಿ ಕೊಟ್ಟರು. ಫೋಟೊ ಸಮೇತ ಕಳಿಸಿದೆವು. ಮರುದಿನ ಜಿಲ್ಲಾ ಪುಟದ ಅರ್ಧ ಭಾಗ ಮುಖಂಡರೊಬ್ಬರ ಹುಟ್ಟುಹಬ್ಬದ ಜಾಹೀರಾತು. ಡೆಸ್ಕಿನವರು ಜಾಗ ಇಲ್ಲ ಅಂದರು. ಸುದ್ದಿ ಬರಲಿಲ್ಲ. ಆದರೆ ಪ್ರತಿ ಕೊಟ್ಟವರು ಯಾರು ಅನ್ನುವುದು ಗುತ್ತಿಗೆದಾರನ ಕಡೆಯವರಿಗೆ ವಾರದೊಳಗೆ ಗೊತ್ತಾಯಿತು. ನಾವು ಬೈಕ್ ಹತ್ತಿ ಬಂದುಬಿಡುತ್ತೇವೆ, ಅವರು ಅದೇ ಬೀದಿಯಲ್ಲಿ ಬದುಕಬೇಕು.

ಟರ್ನರ್‌ಗೆ ಹೋಗಿ ಹೇಳಲು ಒಂದು ದೊಡ್ಡ ಪತ್ರಿಕೆಯ ಬಾಗಿಲಾದರೂ ಇತ್ತು. ಆ ಹಿರಿಯರಿಗೆ ಇದ್ದದ್ದು ನಾವು. ಆದ್ದರಿಂದ ಓದುಗರಲ್ಲಿ ಒಂದು ಮಾತು. ನೀವು ಕಣ್ಣಾರೆ ಕಂಡದ್ದು ಪೇಪರಿನಲ್ಲಿ ಬರದಿದ್ದರೆ ‘ಇವರೆಲ್ಲ ಹೀಗೇ’ ಅಂತ ಸುಮ್ಮನಾಗಬೇಡಿ. ಕಚೇರಿಗೆ ಫೋನ್ ಮಾಡಿ, ಸಂಪಾದಕರಿಗೆ ಕಾಗದ ಬರೆಯಿರಿ. ಒಬ್ಬರು ಕೇಳಿದರೆ ಜಾಗ ಇರುವುದಿಲ್ಲ. ಊರೇ ಕೇಳಿದರೆ ಹೇಗೋ ಜಾಗ ಮಾಡುತ್ತಾರೆ.