ಆರಾಧನೆ ಎಲ್ಲಿಂದ ಎಲ್ಲಿಯವರೆಗೆ?

ಭಾನುವಾರ ಸಂಜೆ, ಅಂಗಡಿ ಸಾಲಿನ ಮೇಲೆ ಎರಡನೇ ಮಹಡಿಯ ಹಾಲ್. ಮಳೆಯಿಂದಾಗಿ ತಡವಾಯಿತು. ಬಾಗಿಲಲ್ಲಿದ್ದ ಹುಡುಗ, "ಆರಾಧನೆ ಈಗ ತಾನೇ ಮುಗೀತು ಅಂಕಲ್, ಪ್ರಸಂಗ ಶುರುವಾಗ್ತಿದೆ, ಬನ್ನಿ" ಅಂದ. ಬೆಳಿಗ್ಗೆ ಗೆಳೆಯನ ಜೊತೆ ಹೋಗಿದ್ದ ಹಳೇ ಕಲ್ಲಿನ ಚರ್ಚಿನಲ್ಲಿ ಪ್ರಾರ್ಥನೆ, ವಾಚನ, ಪ್ರಸಂಗ, ಕಾಣಿಕೆ, ಆಶೀರ್ವಾದ ಎಲ್ಲ ಸೇರಿ ಆರಾಧನೆ. ಇಲ್ಲಿ ಮೊದಲಿನ ಹಾಡುಗಳಷ್ಟೇ ಆರಾಧನೆ. ನನಗೋ ಈ ಪದ ಕಿವಿಗೆ ಬಿದ್ದರೆ ಮಂತ್ರಾಲಯ ನೆನಪಾಗುತ್ತದೆ, ಇಲ್ಲವೇ ತಿರುವೈಯಾರು. ಭಜನೆ ಮನೆಯಲ್ಲಿ ತಾಳ ಹಿಡಿದು ಬೆಳೆದವನು ನಾನು. ಹಾಡು ದೇವರ ಸೇವೆಯೆನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದೇ ಧರ್ಮದವರು, ಒಂದೇ ಭಾಷೆಯವರು, ಒಂದೇ ದಿನದಲ್ಲಿ ಈ ಪದಕ್ಕೆ ಎರಡು ಅಳತೆ ಇಟ್ಟುಕೊಂಡಿರುವುದೇಕೆ?

*

ಬೆಳಗಿನ ಚರ್ಚಿನ ಒಂದು ಹಾಡು ಕಿವಿಯಿಂದ ಹೋಗಿಲ್ಲ. ಗೋಡೆಯ ಮರದ ಹಲಗೆಯಲ್ಲಿ ಹಾಡುಗಳ ಸಂಖ್ಯೆ. ಎಲ್ಲರೂ ಪುಸ್ತಕ ತೆರೆದು ಎದ್ದು ನಿಂತರು. ಜರ್ಮನ್ ರಾಗ ಎಂದ ಗೆಳೆಯ. ಪ್ರತಿ ಅಕ್ಷರಕ್ಕೂ ಒಂದೊಂದು ಸ್ವರ, ಎಲ್ಲಕ್ಕೂ ಸರಿಸಮನಾದ ಕಾಲ. 'ಕರುಣೆ' ಅನ್ನುವ ಮೂರು ಲಘುಗಳ ಪದ 'ಕಾರೂಣೇ' ಆಗಿ ಹೊರಬಂತು. ನನ್ನ ಕನ್ನಡದ ಕಿವಿ ನೊಂದಿತು. ಪಕ್ಕದಲ್ಲಿದ್ದ ಅಜ್ಜಿ ಮಾತ್ರ ಪುಸ್ತಕ ನೋಡದೆ, ಕಣ್ಣು ಮುಚ್ಚಿ ಐದು ಚರಣವನ್ನೂ ಹಾಡಿದರು. ಅವರಿಗೆ ಅದು ಜರ್ಮನಿಯ ರಾಗವಲ್ಲ, ಅವರ ಅಮ್ಮ ಹಾಡುತ್ತಿದ್ದ ರಾಗ.

*

ಈ ನೋವು ಹೊಸದಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಪಾದ್ರಿಯಾಗಿ 1853ರಲ್ಲಿ ಬಂದ ಕಿಟ್ಟೆಲ್ 1862ರಲ್ಲಿ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ಮುಂದೆ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ನಿಘಂಟಿನ ಕಿಟ್ಟೆಲ್ ಎಂದಷ್ಟೇ ಬಲ್ಲ ನಮಗೆ ಈ ಕಿಟ್ಟೆಲ್ ಪರಿಚಯ ಕಡಿಮೆ. ಲಘು ಗುರು ಬಲ್ಲ ಒಬ್ಬ ಪಾದ್ರಿ ಇದ್ದೂ ಚರ್ಚಿನೊಳಗೆ ಗಟ್ಟಿಯಾಗಿ ನಿಂತಿದ್ದು 'ಕಾರೂಣೇ'ಯೇ. ಜನರ ಬಾಯಲ್ಲಿ ಒಮ್ಮೆ ಕೂತ ರಾಗವನ್ನು ವಿದ್ವತ್ತು ಎಬ್ಬಿಸಲಾರದೇನೋ.

*

ಇವತ್ತಿನ ಜಗಳ ಡ್ರಮ್ಸ್ ಬೇಕೋ ಬೇಡವೋ ಎಂಬುದು. ಹಿಂದೆ ಆರ್ಗನ್ ಬೇಕೋ ಬೇಡವೋ ಎಂಬುದಾಗಿತ್ತು! ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿ ತಾನೇ ಹಲವು ವಾದ್ಯ ನುಡಿಸಬಲ್ಲವನು. ಆದರೂ 1520ರ ದಶಕದಲ್ಲಿ ಅಲ್ಲಿನ ಚರ್ಚುಗಳಲ್ಲಿ ಆರ್ಗನ್ ಮೌನವಾಯಿತು, ಹಾಡೂ ನಿಂತಿತು. ಹಾಡು ಮರಳಿದ್ದು 1598ರಲ್ಲಿ. ಅದೇ ಕಾಲದ ಲೂಥರ್ ಜನರ ಬಾಯಿಗೆ ಜನರ ಭಾಷೆಯ ಹಾಡು ಕೊಟ್ಟ. ಇಬ್ಬರೂ ಓದಿದ್ದು ಒಂದೇ ಬೈಬಲ್.

1903ರ ನವೆಂಬರ್ 22ರಂದು ಪೋಪ್ ಹತ್ತನೇ ಪಯಸ್ ಹೊರಡಿಸಿದ ಆಜ್ಞೆಯಲ್ಲಿ ಡ್ರಮ್ಮು, ತಾಳಗಳ ಜೊತೆಗೆ ಪಿಯಾನೋ ಕೂಡ ನಿಷಿದ್ಧ. ಅರವತ್ತು ವರ್ಷ ಕಳೆದು, 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಸಂಗೀತಕ್ಕೆ ಗೌರವ ಸಲ್ಲಬೇಕೆಂದಿತು. ಹಾಗಾಗಿ ಕನ್ನಡ ಬಲಿಪೂಜೆಗೆ ತಬಲ, ಹಾರ್ಮೋನಿಯಂ ಬಂದವು. ಕೇಳಿದಾಗ 'ಅಬ್ಬಾ, ನಮ್ಮದು' ಅನ್ನಿಸುತ್ತದೆ. ಹಾರ್ಮೋನಿಯಂ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ಎಂಬುದು ಆಮೇಲೆ ನೆನಪಾಗುತ್ತದೆ.

*

ಸಂಜೆಯ ಹಾಲ್‌ಗೆ ಮುಂದಿನ ವಾರ ಬೇಗ ಹೋದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹಾಡು. ಕೀಬೋರ್ಡ್, ಗಿಟಾರ್, ಡ್ರಮ್ಸ್. ಒಂದೇ ಸಾಲು ಎಂಟು ಸಲ, ಹತ್ತು ಸಲ. ಇದು ನನಗೆ ಹೊಸತಲ್ಲ, ಭಜನೆಯಲ್ಲೂ ನಾಮ ಹೀಗೇ ಸುತ್ತಿ ಸುತ್ತಿ ಏರುತ್ತದೆ. ಎದುರಿನ ಹೆಂಗಸು ಕೈಯೆತ್ತಿ ಅಳುತ್ತಿದ್ದರು. ಆ ಅಳು ನಿಜವಾದದ್ದು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಏರಿನ ಸ್ಥಾಯಿಯಲ್ಲಿ ಹಾಡುಗಾರ ತನ್ನದೇ ಸಂಗತಿಗಳನ್ನು ಹಾಕತೊಡಗಿದಾಗ ಸಭೆಯಲ್ಲಿ ಒಂದೊಂದೇ ಬಾಯಿ ಮುಚ್ಚಿತು. ಗೆಳೆಯನ ಚರ್ಚಿನ ಅಜ್ಜಿಯನ್ನೂ ಅವರ ಮೊಮ್ಮಗ ಒಮ್ಮೆ ಇಲ್ಲಿಗೆ ಕರೆತಂದಿದ್ದನಂತೆ. ಹೇಗಿತ್ತಜ್ಜಿ ಎಂದು ಕೇಳಿದ್ದೆ. "ಕೇಳೋಕೆ ಚೆನ್ನಾಗಿದೆ ಕಣಪ್ಪ, ಜೊತೇಲಿ ಹಾಡೋಕೆ ಜಾಗ ಸಿಗಲ್ಲ" ಅಂದಿದ್ದರು.

ಯಾವ ರಾಗ ಎಂಬ ಪ್ರಶ್ನೆಗಿಂತ ಅಜ್ಜಿಯ ಈ ಮಾತೇ ದೊಡ್ಡದು ಅನ್ನಿಸತೊಡಗಿದೆ. ಗಿಟಾರ್ ಇದ್ದೂ ಸಭೆ ಹಾಡಬಹುದು. ಆರ್ಗನ್ ಇದ್ದೂ ಸಭೆ ಮೂಕವಾಗಿರಬಹುದು.

*

ಸಂತ ಅಗಸ್ಟೀನನನ್ನು ಓದಿದೆ. ಸಾವಿರದ ಆರುನೂರು ವರ್ಷಗಳ ಹಿಂದೆ ಅವನಿಗೂ ಹಾಡಿನದೇ ಸಂಕಟ. ಹಾಡಿನಲ್ಲಿರುವ ಮಾತಿಗಿಂತ ಹಾಡೇ ಹೆಚ್ಚು ಕಲಕಿದರೆ ಅದು ತಪ್ಪೆಂದು ಒಪ್ಪಿಕೊಳ್ಳುತ್ತಾನೆ. ಹಾಗೆಂದು ಹಾಡನ್ನು ಬಿಡಲೂ ಅವನಿಗೆ ಮನಸ್ಸಿಲ್ಲ.

ಇಂಥದೇ ಸಂಕಟದಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್‌ನ ಒಂದು ಸಭೆ 1990ರ ದಶಕದಲ್ಲಿ ವಾದ್ಯ, ಮೈಕು ಎಲ್ಲವನ್ನೂ ಕೆಲಕಾಲ ಪಕ್ಕಕ್ಕಿಟ್ಟು ಬರಿಗಂಟಲಲ್ಲಿ ಹಾಡಿತ್ತು. ಆಮೋಸ ಪ್ರವಾದಿಯ ಗ್ರಂಥದಲ್ಲಂತೂ ದೇವರೇ ಹಾಡಿನ ಗದ್ದಲ ಸಾಕೆಂದು ನ್ಯಾಯ ಕೇಳುತ್ತಾನೆ. 'ಆರಾಧನೆ' ಎಂದು ಕನ್ನಡಿಸುವ ಬೈಬಲಿನ ಗ್ರೀಕ್ ಪದಗಳಲ್ಲಿ ಒಂದರ ಅರ್ಥ ಅಡ್ಡಬೀಳುವುದು, ಇನ್ನೊಂದರದು ಸೇವೆ. ಎರಡರಲ್ಲೂ ರಾಗವಿಲ್ಲ.

*

ಮತ್ತೆ ಕಲ್ಲಿನ ಚರ್ಚು. ನನ್ನ ಮುಂದಿನ ಬೆಂಚಿನಲ್ಲಿ ಕಿವಿ ಪೂರ್ತಿ ಕೇಳದ ಒಬ್ಬ ಹಿರಿಯರು, ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮೊಮ್ಮಗಳು. ಹಾಡು ಶುರುವಾದಾಗ ಹುಡುಗಿ ಪುಸ್ತಕದ ಸಾಲಿನ ಕೆಳಗೆ ಬೆರಳು ಓಡಿಸುತ್ತಾಳೆ, ತಾತನ ತುಟಿ ಆ ಬೆರಳಿನ ಹಿಂದೆ ಅರ್ಧ ಪದ ತಡವಾಗಿ ಅಲುಗುತ್ತದೆ. ಸ್ವರ ಎಲ್ಲೋ, ಅವರೆಲ್ಲೋ. ಕೊನೆಯ ಚರಣದಲ್ಲಿ ಹುಡುಗಿ ಕಿಟಕಿಯಾಚೆಯ ಅಳಿಲನ್ನು ನೋಡುತ್ತಾ ಮೈಮರೆತಳು. ಬೆರಳು ನಿಂತಿತು. ತಾತ ಮೆಲ್ಲಗೆ ಆ ಬೆರಳನ್ನು ಹಿಡಿದು ಮುಂದಿನ ಸಾಲಿನ ಮೇಲೆ ಇಟ್ಟುಕೊಂಡರು.