ಉಣ್ಣೆಯ ಜಡೆ

ಎರಡು ಜಡೆ ಒಂದು ಕಡೆ ಸೇರುವುದಿಲ್ಲವೆಂದು ಗಾದೆ. ಮಳವಳ್ಳಿಯ ಒಂದು ಮನೆಯಲ್ಲಿ ಅಜ್ಜಿ–ಮೊಮ್ಮಗಳ ಜಡೆಗಳೆರಡೂ ಚೆನ್ನಾಗಿಯೇ ಸೇರಿದ್ದವು. ಒಂದು ಇಲ್ಲವಾದ ಮೇಲೆಯೇ ಜಗಳ ಮೊದಲಾದದ್ದು.

ಬೇಸಗೆಯ ರಜೆಯಲ್ಲಿ ಹುಡುಗಿಗೆ ಬಂದ ಜ್ವರ 12 ದಿನ ಇಳಿಯಲಿಲ್ಲ. ಅಜ್ಜಿ ಮಲೆಯ ಮಾದೇಶ್ವರನಿಗೆ ಮುಡಿಯ ಹರಕೆ ಹೊತ್ತರು. ಜ್ವರ ಇಳಿಯಿತು; ಕೊಳ್ಳೇಗಾಲದ ಮೇಲೆ ಬೆಟ್ಟಕ್ಕೆ ಹೋಗಿ ಹರಕೆ ಒಪ್ಪಿಸಿದ್ದೂ ಆಯಿತು. ಮಲ್ಲಿಗೆಯ ಕಾಲ ಮುಗಿಯುವುದರೊಳಗೆ ಮೊಗ್ಗಿನ ಜಡೆ ಹಾಕಿಸಿ ಫೋಟೋ ತೆಗೆಸುವ ಮಾತಿತ್ತು. ಅದು ಅಲ್ಲಿಗೇ ನಿಂತಿತು. ಹರಕೆ ಅಜ್ಜಿಯದು, ಕೂದಲು 10 ವರ್ಷದ ಹುಡುಗಿಯದು. ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಶಾಲೆ ತೆರೆಯುವ ದಿನ ಹತ್ತಿರವಾದಾಗ ಹುಡುಗಿಯೇ ಮಾಡಿದಳು:

"ಹರಕೆ ಹೊತ್ತವಳು ನೀನು. ನಿನ್ನ ಮುಡಿ ಕೊಡಬೇಕಾಗಿತ್ತು."

ಅಜ್ಜಿ ಉತ್ತರ ಕೊಡಲಿಲ್ಲ. ಮಂಡ್ಯಕ್ಕೆ ಹೋಗುವವರ ಕೈಯಲ್ಲಿ ಕಪ್ಪು ಉಲ್ಲನ್ ತರಿಸಿದರು. ಜಡೆಯಂತೆ ಹೆಣೆದು ತಲೆಗೆ ಪಟ್ಟಿ ಕಟ್ಟಿದರೆ ದೂರದಿಂದ ಕೂದಲಿನಂತೆಯೇ ಕಂಡೀತೆಂದು ಅವರ ಎಣಿಕೆ. ತಲೆಯ ಸುತ್ತಳತೆ 20 ಅಂಗುಲ. ಹಿಂಬದಿಯ ಎಲಾಸ್ಟಿಕ್ಕಿಗೆ 4 ಅಂಗುಲ ಕಳೆದು, ಉಳಿದ 16 ಅಂಗುಲಕ್ಕೆ ಸರಿಯಾಗಿ ಎಳೆಗಳನ್ನು ಕತ್ತರಿಸಿ ಹೆಣೆದರು. ಪಟ್ಟಿ 11 ಅಂಗುಲಕ್ಕೇ ಮುಗಿದುಹೋಯಿತು! ಒಂದರ ಮೇಲೊಂದು ಹಾಯುವ ಎಳೆ ನೆಟ್ಟಗೆ ನಡೆಯದೆ ಓರೆಯಾಗಿ ನಡೆಯುತ್ತದೆ. ಉದ್ದದಲ್ಲಿ ಮೂರರಲ್ಲೊಂದು ಪಾಲು ಆ ಸುತ್ತಾಟಕ್ಕೇ ಸಲ್ಲುತ್ತದೆ. ಮಗಳಿಗೆ, ಮೊಮ್ಮಗಳಿಗೆ ಎಂದು ಎಷ್ಟೋ ವರ್ಷ ಜಡೆ ಹಾಕಿದ ಕೈಗೆ ಇದು ತಿಳಿದಿರಲಿಲ್ಲ. ಹೆಣೆಯುವ ಮುನ್ನ ಕೂದಲನ್ನು ಅಳೆದು ನೋಡುವವರಾದರೂ ಯಾರು?

ಎರಡನೆಯ ಸಲ ತಲೆಗೆ ವಸ್ತ್ರ ಕಟ್ಟಿಕೊಂಡು ಹುಡುಗಿಯೂ ಮಂಡ್ಯಕ್ಕೆ ಹೊರಟಳು. ಪೇಟೆ ಬೀದಿಯ ಅಂಗಡಿಯಲ್ಲಿ ಅಜ್ಜಿ ಮತ್ತೆ ಕಪ್ಪಿಗೇ ಕೈ ಚಾಚಿದರು.

"ಕಪ್ಪು ಬೇಡ ಅಜ್ಜಿ. ಅದು ಸುಳ್ಳು ಕೂದಲು."

ಹುಡುಗಿ ಅರಿಸಿನ ಬಣ್ಣದ ಉಂಡೆಯನ್ನು ಎತ್ತಿಕೊಂಡಳು. ಚೌರಿ ಇಟ್ಟು ಜಡೆಯನ್ನು ಉದ್ದ ಮಾಡಿದ ಕಾಲದ ಅಜ್ಜಿಗೆ ಇದು ಒಗಟು. ಆದರೂ ದುಡ್ಡು ಎಣಿಸಿಕೊಟ್ಟು, ಅಲ್ಲಿಯೇ 24 ಅಂಗುಲದ 36 ಎಳೆ ಕತ್ತರಿಸಿಕೊಂಡರು.

ರೈಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿದು (ವಡೆ ತಿನ್ನದೆ ಮದ್ದೂರನ್ನು ದಾಟುವುದುಂಟೆ!) ಮಳವಳ್ಳಿಯ ಬಸ್ಸು ಹತ್ತಿದರು. ಅಜ್ಜಿ ಎಳೆಗಳ ತುದಿಯನ್ನು ಗಂಟು ಹಾಕಿ ಮುಂದಿನ ಸೀಟಿನ ಕಂಬಿಗೆ ಕಟ್ಟಿದರು. ಹನ್ನೆರಡು ಹನ್ನೆರಡು ಎಳೆಯ ಮೂರು ಕಾಲು. ಬಲಗಾಲು ನಡುವಿನದರ ಮೇಲೆ, ಎಡಗಾಲು ನಡುವಿನದರ ಮೇಲೆ. ಬಿಗಿದೆಳೆದರೆ ದನದ ಹಗ್ಗವಾಗುತ್ತದೆ. ಸಡಿಲ ಬಿಟ್ಟು ಬೆರಳಿನಿಂದ ಅಗಲಿಸಿದರೇ ಜಡೆಯ ಕಳೆ. ಭಾರತೀನಗರದ ಬಳಿ ಬಸ್ಸು ಗಕ್ಕನೆ ನಿಂತು ಒಂದೆರಡು ಹೆಣಿಗೆ ಬಿಗಿದುಕೊಂಡವು. ಬಿಚ್ಚಲು ಹೋದ ಅಜ್ಜಿಯ ಕೈಯನ್ನು ಹುಡುಗಿ ಹಿಡಿದಳು.

"ಇರಲಿ ಬಿಡು. ನನ್ನ ಜಡೆ ಹಾಕುವಾಗಲೂ ನೀನು ಹೀಗೆಯೇ ಅಲ್ಲಲ್ಲಿ ಎಳೆಯುತ್ತಿದ್ದೆ."

ಜಗಳವಾದಂದಿನಿಂದ ಅವಳು ಜಡೆಯ ಮಾತೆತ್ತಿದ್ದು ಅದೇ ಮೊದಲು. ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಉಳಿದದ್ದನ್ನು ಹೆಣೆದರು.

ಸೋಮವಾರ ಶಾಲೆಯಲ್ಲಿ ಗೆಳತಿಯರು, ಪಟ್ಟಿ ಎಲ್ಲಿಯದೆಂದು ಕೇಳಿದರಂತೆ. "ಮಂಡ್ಯದ್ದು" ಎಂದಳಂತೆ.

"ಉಲ್ಲನ್ನು ಮಂಡ್ಯದ್ದು, ಸರಿ," ಎಂದರು ಅಜ್ಜಿ. "ಮದ್ದೂರಿನಿಂದ ಮಳವಳ್ಳಿಯವರೆಗೆ ಹೆಣೆದವಳ ಹೆಸರೇ ಬರಲಿಲ್ಲವೇನೆ?"